ಬಿದ್ರಿ ಕಲಿಯುವ ಹುಡುಗರಿಗೂ ತಿಂಗಳ ಸ್ಟೈಫಂಡ್ ಬೇಕು

ಸಂಪಾದಕರಿಗೆ ನಮಸ್ಕಾರ.

ಜಪಾನಿನ ಕರಕುಶಲ ಕಲೆಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಅದರಲ್ಲಿ ಜಪಾನಿಗಳ ತಾಳ್ಮೆ, ಶ್ರದ್ಧೆ, ಶಿಸ್ತು ಇದೇ ಮಾತು ಜಾಸ್ತಿ. ತಾಳ್ಮೆ ನಮ್ಮ ಬೀದರಿನ ಬಿದ್ರಿ ಕೆಲಸಗಾರರಿಗೆ ಕಮ್ಮಿ ಇದೆಯಾ? ಆ ದೇಶದಿಂದ ನಾವು ಕಲಿಯಬೇಕಾದದ್ದು ದುಡ್ಡಿನ ಏರ್ಪಾಡು, ಅದರ ಬಗ್ಗೆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ.

ಅಲ್ಲಿನ ಕುಮಾಮೊಟೊದಲ್ಲಿ ಹಿಗೊ ಜೋಗಾನ್ ಅಂತ ಒಂದು ಕೆಲಸ ಇದೆ. ಕಬ್ಬಿಣದ ಮೇಲೆ ಉಳಿಯಿಂದ ಒತ್ತೊತ್ತಾಗಿ ಅಡ್ಡ ಉದ್ದ ಗೀರು ಹೊಡೆದು, ಅದರ ಮೇಲೆ ಚಿನ್ನ, ಬೆಳ್ಳಿ ಇಟ್ಟು ಬಡಿದು ಕೂರಿಸುತ್ತಾರೆ. ಆಮೇಲೆ ಕಬ್ಬಿಣಕ್ಕೆ ಬೇಕಂತಲೇ ತುಕ್ಕು ಹಿಡಿಸಿ, ಚಹಾದಲ್ಲಿ ಕುದಿಸಿ ಆ ತುಕ್ಕನ್ನು ನಿಲ್ಲಿಸುತ್ತಾರೆ. ಕಪ್ಪು ಮೈ ಮೇಲೆ ಚಿನ್ನ ಎದ್ದು ಕಾಣುತ್ತದೆ. ಬೀದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮವರು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಅರ ಹಾಕಿ ಉಜ್ಜಿ, ಗೆರೆ ಕಾಣಲಿ ಅಂತ ಮೈಲುತುತ್ತದ ನೀರು ಸವರಿ, ಕೆತ್ತಿ, ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೇ ಮಣ್ಣಿಗೆ ನವಸಾಗರ ಸೇರಿಸಿ ಹಚ್ಚಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಿಗೊ ಕೆಲಸ ಮೊದಲು ಕತ್ತಿಯ ಹಿಡಿಗೆ ಹಾಕುವ ತಟ್ಟೆಗಳ ಮೇಲೆ ನಡೆಯುತ್ತಿತ್ತು. 1876ರಲ್ಲಿ ಸರ್ಕಾರ ಕತ್ತಿ ಕಟ್ಟಿಕೊಂಡು ಓಡಾಡುವುದನ್ನೇ ನಿಷೇಧಿಸಿತು, ಅವರು ಒಡವೆ ಮಾಡುವುದಕ್ಕೆ ಹೊರಳಿದರು. ನಮ್ಮಲ್ಲೂ ಹುಕ್ಕಾ, ಪಾನ್‌ದಾನ್ ಹೋಗಿ ಸನ್ಮಾನದ ನೆನಪಿನ ಕಾಣಿಕೆ ಬಂತು.

ಇಷ್ಟು ಹತ್ತಿರದ ಎರಡು ಕಲೆ. ವ್ಯತ್ಯಾಸ ಇರುವುದು ಸರ್ಕಾರ ನೋಡುವ ರೀತಿಯಲ್ಲಿ. ಜಪಾನಿನಲ್ಲಿ 1950ರ ಕಾನೂನು ಒಂದಿದೆ, ಅದರಲ್ಲಿ ಹಳೇ ಕಟ್ಟಡದ ಹಾಗೆ ಮನುಷ್ಯನ ಕೈಚಳಕವೂ ದೇಶದ ಆಸ್ತಿ. 1955ರಿಂದ ದೊಡ್ಡ ಕುಶಲಕರ್ಮಿಗಳನ್ನು ಗುರುತಿಸುತ್ತಾ ಬಂದಿದ್ದಾರೆ. ಜನ ಅವರನ್ನು ಜೀವಂತ ರಾಷ್ಟ್ರೀಯ ಸಂಪತ್ತು ಅಂತಾರೆ. ಒಬ್ಬೊಬ್ಬರಿಗೆ ವರ್ಷಕ್ಕೆ 20 ಲಕ್ಷ ಯೆನ್ ಕೊಡುತ್ತಾರೆ. ಅದು ಬಹುಮಾನದ ಹಣ ಅಲ್ಲ, ಕೈ ಇನ್ನೂ ಪಳಗಲಿ, ಮುಂದಿನವರು ತಯಾರಾಗಲಿ ಅಂತ ಕೊಡುವುದು. ನನಗೆ ಇದಕ್ಕಿಂತ ಜಾಸ್ತಿ ಹಿಡಿಸಿದ್ದು ವಾಜಿಮಾ ಊರಿನ ಅರಗು ಕೆಲಸದ, ಅಂದರೆ ಸಾಮಾನಿಗೆ ಹೊಳಪಿನ ಲೇಪ (ಲ್ಯಾಕರ್) ಬಳಿಯುವ ಕೆಲಸದ, ತರಬೇತಿ ಸಂಸ್ಥೆ. 1967ರಿಂದ ಇದೆ. ಆ ಜೀವಂತ ಸಂಪತ್ತುಗಳೇ ಬಂದು ಪಾಠ ಮಾಡುತ್ತಾರೆ, ಕಲಿಯುವವರು ಫೀಸು ಕಟ್ಟಬೇಕಿಲ್ಲ.

ನಮ್ಮಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಇಡೀ ಬೀದರ್ ಖುಷಿಪಟ್ಟಿತು, ನಾನೂ ಪಟ್ಟೆ. ಆದರೆ ಪ್ರಶಸ್ತಿ ಬರುವುದು ಒಂದು ಜೀವಮಾನ ದುಡಿದ ಮೇಲೆ. ಈಗಷ್ಟೇ ಉಸ್ತಾದರ ಪಕ್ಕ ಕೂತು ಉಳಿ ಹಿಡಿಯುವ ಹುಡುಗನ ಗತಿ ಏನು? ಕೈ ಕೂರುವುದಕ್ಕೇ ವರ್ಷಗಳು ಬೇಕು, ಅಷ್ಟು ದಿನ ಮನೆಗೆ ದುಡ್ಡು ಕೊಡುವವರು ಯಾರು? ಸರ್ಕಾರದ ತರಬೇತಿ, ಸ್ಟೈಫಂಡ್ ಇದೆ, ಇಲ್ಲ ಅನ್ನಲ್ಲ, ಆದರೆ ಅದು ಕೆಲವೇ ತಿಂಗಳದ್ದು. ಅದು ಮುಗಿದ ಮೇಲೆ ಹುಡುಗ ಹೈದರಾಬಾದ್ ಬಸ್ ಹತ್ತಿದರೆ ಅವನದು ತಪ್ಪಾ?

ಕಚ್ಚಾ ಮಾಲಿನ ವಿಷಯವನ್ನೂ ಹೇಳಬೇಕು. ಜಪಾನಿನ ಅರಗು ಒಂದು ಮರದ ಹಾಲು. ಹತ್ತು ಹದಿನೈದು ವರ್ಷ ಬೆಳೆದ ಮರ ಕೊಡುವುದು ಸುಮಾರು 200 ಗ್ರಾಂ, ಅಷ್ಟು ತೆಗೆದು ಮರ ಕಡಿಯುತ್ತಾರೆ. ಅಗ್ಗ ಅಂತ ಬಹುಪಾಲು ಅರಗನ್ನು ಚೀನಾದಿಂದ ತರಿಸುತ್ತಿದ್ದರು, ಹಾಲು ತೆಗೆಯುವವರೇ ಕಮ್ಮಿಯಾದರು. 2015ರಲ್ಲಿ ಅಲ್ಲಿನ ಸಂಸ್ಕೃತಿ ಇಲಾಖೆ, ರಾಷ್ಟ್ರೀಯ ಮಹತ್ವದ ಕಟ್ಟಡಗಳ ದುರಸ್ತಿಗೆ ಜಪಾನಿನ ಅರಗನ್ನೇ ಬಳಸಬೇಕು ಅಂತ ತೀರ್ಮಾನ ಮಾಡಿತು. ಅಂದರೆ ಸರ್ಕಾರವೇ ಗಿರಾಕಿ ಆಯಿತು. ನಮ್ಮಲ್ಲಿ ಬಿದ್ರಿಗೆ ಜಿಐ, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಭೌಗೋಳಿಕ ಗುರುತು ಕೊಟ್ಟಿದ್ದಾರೆ ಸರಿ, ಬೆಳ್ಳಿ ರೇಟು ಏರಿದರೆ ಸಣ್ಣ ಕಾರಖಾನೆಯವರು ಅದನ್ನು ಹೇಗೆ ತಡೆದುಕೊಳ್ಳಬೇಕು? ಕೋಟೆಯ ಮಣ್ಣಂತೂ ಬಿಸಿಲು ಮಳೆ ಕಾಣದ ಮೂಲೆಗಳಲ್ಲಿ ಮಾತ್ರ ಸಿಗೋದು, ಅದು ಎಷ್ಟು ದಿನ ಬಂದೀತು?

ಜಪಾನಿನಲ್ಲೂ ಎಲ್ಲಾ ಸರಿಯಿಲ್ಲ. ಕಲಿಯಲು ಬರುವವರು ಅಲ್ಲೂ ಕಮ್ಮಿ. 2024ರ ಜನವರಿ 1ರ ಭೂಕಂಪದಲ್ಲಿ ವಾಜಿಮಾದ ಎಷ್ಟೋ ಕಾರಖಾನೆಗಳು ಬಿದ್ದವು, ಸುಟ್ಟವು. ಆದರೂ ಆ ಸಂಸ್ಥೆಯನ್ನು ಅದೇ ವರ್ಷ ಮತ್ತೆ ಶುರು ಮಾಡಿದರು.

ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ದುಡ್ಡಿನ ಕೊರತೆ ಇಲ್ಲ. ರಸ್ತೆ, ಕಟ್ಟಡದ ಜೊತೆ ಇದಕ್ಕೂ ಒಂದು ಪಾಲು ಇಡಲಿ. ಬಿದ್ರಿ ಕಲಿಯುವ ಹುಡುಗ ಹುಡುಗಿಯರಿಗೆ ಕನಿಷ್ಠ ಮೂರು ವರ್ಷ ತಿಂಗಳ ಸ್ಟೈಫಂಡ್ ಸಿಗಲಿ, ಕಲಿಸುವ ಉಸ್ತಾದರಿಗೂ ಗೌರವಧನ ಬೇರೆ ಇರಲಿ. ಬೆಳ್ಳಿ, ಸತು ಸಾಲಕ್ಕೆ ಸಿಗುವ ಒಂದು ಡಿಪೋ ಬೇಕು, ಮಾಲು ಮಾರಿದ ಮೇಲೆ ತೀರಿಸುವ ಹಾಗೆ. ಸರ್ಕಾರಿ ಸಮಾರಂಭಗಳಿಗೆ ಬೇಕಾದ ಬಿದ್ರಿ ಕಾಣಿಕೆಯನ್ನು ಮಧ್ಯವರ್ತಿ ಇಲ್ಲದೆ ಕೆಲಸಗಾರರಿಂದಲೇ ಕೊಳ್ಳಲಿ. ನಮ್ಮ ಶಾಸಕರು, ಸಂಸದರು ಇದನ್ನು ಮಂಡಳಿಯ ಮುಂದಿನ ಸಭೆಯಲ್ಲೇ ಎತ್ತಬೇಕು. ಎತ್ತಿದರಾ ಇಲ್ಲವಾ ಅನ್ನುವುದನ್ನು ನಿಮ್ಮ ವರದಿಗಾರರು ದಯವಿಟ್ಟು ಬರೆಯಲಿ.

– ನಿವೃತ್ತ ಶಿಕ್ಷಕ, ಬೀದರ್