ಲಂಕೆಯ ಮೆಣಸು ತರಿಸುವ ಮುನ್ನ

ಚಿ. ಪ್ರಸನ್ನನಿಗೆ ಸೋದರಮಾವನ ಆಶೀರ್ವಾದಗಳು.

ಶ್ರೀಲಂಕಾದಿಂದ ಕಾಳುಮೆಣಸು ತರಿಸುವ ಯೋಚನೆ ಬರೆದಿದ್ದೀಯ. ಸುಂಕವೇ ಇಲ್ಲ ಎಂದು ಕೊಲಂಬೊದ ಮಾರಾಟಗಾರ ಹೇಳಿದನಂತೆ. ಅದು ಅರ್ಧ ಮಾತು.

ಯಾವ ಒಪ್ಪಂದವೂ ಇಲ್ಲದ ದೇಶದ ಮೆಣಸಿಗೆ ನಮ್ಮಲ್ಲಿ ಮೂಲ ಸುಂಕ ಶೇ. 70. 2000ದ ಮಾರ್ಚ್‌ನಿಂದ ಜಾರಿಯಲ್ಲಿರುವ ಭಾರತ-ಲಂಕಾ ಒಪ್ಪಂದದಲ್ಲಿ ವರ್ಷಕ್ಕೆ 2500 ಟನ್ ಮಾತ್ರ ಸುಂಕರಹಿತ. ಅದು ತೀರಿದರೆ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ತಾ ಪ್ರಕಾರ ಶೇ. 8. ಕೋಟಾ ಎಷ್ಟು ಉಳಿದಿದೆ ಎಂದು ಕೇಳದೆ ದರ ಮಾತಾಡಬೇಡ. ಎರಡೂ ರಿಯಾಯಿತಿ ಲಂಕೆಯಲ್ಲಿ ಬೆಳೆದ ಮೆಣಸಿಗೆ, ಲಂಕೆಯಲ್ಲಿ ಹಡಗು ಹತ್ತಿದ ಮೆಣಸಿಗಲ್ಲ.

ವಿಯೆಟ್ನಾಂ ಕಾಳನ್ನು ಕೊಲಂಬೊದಲ್ಲಿ ಜರಡಿ ಹಿಡಿದು ಚೀಲ ಬದಲಿಸಿದರೆ ಅದು ಲಂಕೆಯದಾಗದು. ಪುಡಿ ಮಾಡಿ ಕಳಿಸುತ್ತೇವೆ ಎನ್ನುವವರೂ ಸಿಗುತ್ತಾರೆ. ಹೊರಗಿನ ಸರಕು ಬಳಸಿದರೆ ಎಫ್‌ಒಬಿ ಬೆಲೆಯ (ಹಡಗಿಗೆ ಹೇರುವವರೆಗಿನ ಬೆಲೆ) ಶೇ. 35ರಷ್ಟು ಮೌಲ್ಯ ಅಲ್ಲೇ ಸೇರಬೇಕು, ಜೊತೆಗೆ ಸುಂಕಕ್ಕಾಗಿ ಸರಕನ್ನು ಗುರುತಿಸುವ ಎಚ್‌ಎಸ್ ಕೋಡಿನ ಮೊದಲ ನಾಲ್ಕು ಅಂಕಿಯೂ ಬದಲಾಗಬೇಕು. ಇಡೀ ಕಾಳು 0904 11, ಪುಡಿ 0904 12. ಎಷ್ಟು ನುಣ್ಣಗೆ ಬೀಸಿದರೂ 0904 ಕದಲುವುದಿಲ್ಲ.

ಈ ಅಡ್ಡದಾರಿಯ ವಿರುದ್ಧ ಕೊಡಗು, ಸಕಲೇಶಪುರದ ಬೆಳೆಗಾರರು ದನಿ ಎತ್ತಿದ್ದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಕಿಲೋಗೆ 500 ರೂ. ಕನಿಷ್ಠ ಆಮದು ಬೆಲೆ ಕಟ್ಟಿತು, ಅದಕ್ಕಿಂತ ಅಗ್ಗದ ಮೆಣಸು ಒಳಬರದಿರಲೆಂದು. ಇನ್ವಾಯ್ಸ್ ಉಬ್ಬಿಸಿ ಇಂಥದ್ದನ್ನು ದಾಟುವ ಉಪಾಯ ಯಾರಾದರೂ ಹೇಳಿಕೊಟ್ಟರೆ ಅಲ್ಲಿಂದ ಎದ್ದು ಬಾ.

'ಲಂಕೆಯದೇ ಸರಕು ಎಂಬ ಸರ್ಟಿಫಿಕೇಟ್ ಇದೆಯಲ್ಲ' ಎನ್ನುವ ಧೈರ್ಯ ಈಗ ಸಾಲದು. 2020ರ ಸೆಪ್ಟೆಂಬರ್ 21ರಿಂದ ಜಾರಿಯಾದ, ಒಪ್ಪಂದದ ರಿಯಾಯಿತಿ ಕೇಳುವ ಸರಕಿನ ಮೂಲದ ಕುರಿತ ಕಸ್ಟಮ್ಸ್‌ನ ಕಾರೋಟಾರ್ ನಿಯಮದಂತೆ ಮೂಲವನ್ನು ಸಾಬೀತು ಮಾಡುವ ಹೊಣೆ ಆಮದುದಾರನದು. ಬಿಲ್ ಆಫ್ ಎಂಟ್ರಿ (ಕಸ್ಟಮ್ಸ್‌ಗೆ ಕೊಡುವ ಆಮದು ಘೋಷಣೆ) ಹಾಕುವ ಮೊದಲೇ ಆ ನಿಯಮದ ಫಾರ್ಮ್ 1ರಲ್ಲಿ ಕೇಳಿದ ಮೂಲದ ವಿವರ ನಿನ್ನ ಕೈಲಿರಬೇಕು, ಐದು ವರ್ಷ ಜೋಪಾನವಾಗಿರಬೇಕು. ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳೊಳಗೆ ಕೊಡಬೇಕು. ಸಂಶಯ ಉಳಿದರೆ ಅವರು ಕೊಲಂಬೊಗೆ ಪರಿಶೀಲನೆಗೆ ಬರೆಯುತ್ತಾರೆ, ಅಲ್ಲಿಯವರೆಗೆ ರಿಯಾಯಿತಿ ತಡೆ. ಸರಕು ಬಿಡಿಸಿಕೊಳ್ಳಬೇಕೆಂದರೆ ಸುಂಕದ ವ್ಯತ್ಯಾಸದಷ್ಟು ಭದ್ರತೆ ಇಡಬೇಕು. ಕಿಲೋಗೆ 600ರಂತೆ ಹತ್ತು ಟನ್ ಎಂದುಕೋ: ಸರಕು 60 ಲಕ್ಷ, ಮೂಲ ಸುಂಕವೇ 42 ಲಕ್ಷ. ನಿನ್ನ ದುಡಿಯುವ ಬಂಡವಾಳ ಅಲ್ಲೇ ಸಿಕ್ಕಿಬೀಳುತ್ತದೆ.

ಆದ್ದರಿಂದ ಯಾವ ಜಿಲ್ಲೆಯ ಮೆಣಸು, ಯಾರ ತೋಟದಿಂದ ಯಾವಾಗ ಖರೀದಿ, ಎಷ್ಟು ತೂಕ ಎಂಬ ದಾಖಲೆಗಳನ್ನು ಮುಂಗಡ ಕೊಡುವ ಮೊದಲೇ ಕೇಳು. ಕೊಡಲು ಹಿಂಜರಿದರೆ ವ್ಯಾಪಾರ ಅಲ್ಲಿಗೇ ಬಿಡು. ಮೂಲದ ಬಗ್ಗೆ ಮಾಹಿತಿ ಕೊಡುವುದನ್ನೂ, ರಿಯಾಯಿತಿ ತಪ್ಪಿದರೆ ಸುಂಕ ಯಾರದು ಎಂಬುದನ್ನೂ ಕರಾರಿನಲ್ಲೇ ಬರೆಸು. ಲಂಕೆಯ ಮೆಣಸಿನಲ್ಲಿ ಖಾರ ಕೊಡುವ ಪೈಪರಿನ್ ಹೆಚ್ಚು. ಸ್ಯಾಂಪಲ್ಲನ್ನು ಲ್ಯಾಬಿಗೆ ಕೊಟ್ಟು ನೋಡು, ಅದು ಸಾಕ್ಷಿಯಲ್ಲದಿದ್ದರೂ ನಿನಗೊಂದು ಸುಳಿವು. ಸರ್ಟಿಫಿಕೇಟ್, ಇನ್ವಾಯ್ಸ್, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸರಕಿನ ರಸೀದಿ) ಮೂರರಲ್ಲೂ ತೂಕ, ಚೀಲದ ಲೆಕ್ಕ, ಹೆಸರು ಒಂದೇ ಇರಲಿ.

ಕರಾರಿನ ಕರಡು ಸಿದ್ಧವಾದಾಗ ಕಳಿಸು, ಸಹಿ ಹಾಕುವ ಮೊದಲು.

ಇಂತಿ,
ನಿನ್ನ ಸೋದರಮಾವ