ಕಟರ್ ನಿನ್ನ ಕೈಯಲ್ಲೇ ಇರಲಿ

ಪ್ರೀತಿಯ ಪುಟ್ಟಿ,

ನಿನ್ನ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟಿದ್ದೇನೆ. ಒಳಗಿರುವುದು ಟಿರೆಲ್ ಪಿ34 ರೇಸ್ ಕಾರಿನ ಪ್ಲಾಸ್ಟಿಕ್ ಮಾದರಿ ಕಟ್ಟುವ ಕಿಟ್, 1/20 ಅಳತೆಯದು. ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ನಾನು ಬಿಚ್ಚಿಲ್ಲ. ಮೊದಲ ಭಾಗ ಕತ್ತರಿಸುವುದರಿಂದ ಹಿಡಿದು ಕೊನೆಯ ಪಾಲಿಶ್‌ವರೆಗೆ ಎಲ್ಲ ನೀನೇ ಮಾಡಬೇಕು. ಕೇಳಿದರೆ ಹೇಳುತ್ತೇನೆ. ಕೈ ಹಾಕುವುದಿಲ್ಲ.

ಯಾಕೆ ಅಂತ ಹೇಳಲೇಬೇಕು. ನಿನಗೆ ಒಂಬತ್ತು ವರ್ಷ ಇದ್ದಾಗ ನಾವಿಬ್ಬರೂ ಸೇರಿ ಒಂದು ಕಾರು ಕಟ್ಟಲು ಕೂತಿದ್ದು ನೆನಪಿದೆಯಾ? ಬಾಗಿಲ ಮೇಲಿನ ಉದ್ದನೆ ಪಟ್ಟೆಯ ಡೀಕಲ್, ನೀರಲ್ಲಿ ನೆನೆಸಿ ಅಂಟಿಸುವ ಆ ತೆಳು ಸ್ಟಿಕರ್, ನಿನ್ನ ಬೆರಳಿಗೆ ಸುತ್ತಿಕೊಂಡಿತ್ತು. ನಾನು "ಕೊಡಿಲ್ಲಿ" ಅಂತ ಕಿತ್ತುಕೊಂಡೆ. ಅದು ಹರಿದದ್ದು ನನ್ನ ಕೈಯಲ್ಲಿ, ಬೈಸಿಕೊಂಡವಳು ನೀನು. ಆಮೇಲೆ ನೀನು ಆ ಮೇಜಿನ ಹತ್ತಿರ ಬರಲೇ ಇಲ್ಲ. ನೀನು ಮಲಗಿದ ಮೇಲೆ ಕೂತು ಕೂತು ಉಳಿದದ್ದನ್ನೆಲ್ಲ ನಾನೇ ಮುಗಿಸಿದೆ. ಕಾರು ಚೆನ್ನಾಗಿಯೇ ಬಂತು. ಒಂದು ದಿನ ನಿನ್ನ ಗೆಳತಿ ಬಂದಾಗ ಅದನ್ನು ತೋರಿಸಿ "ಇದು ನಮ್ಮಮ್ಮನ ಕಾರು" ಅಂದೆ. ಪಕ್ಕದ ಕೋಣೆಯಲ್ಲಿ ನನಗೆ ಕೇಳಿಸಿತು. ನೀನು ಹೇಳಿದ್ದು ನಿಜವೇ ಆಗಿತ್ತು. ಏಳು ವರ್ಷ ಆಯಿತು, ಆ ಮಾತು ಹಾಗೇ ಉಳಿದಿದೆ. ತಪ್ಪು ನನ್ನದು ಪುಟ್ಟಿ, ಕ್ಷಮಿಸು.

ಈ ಕಾರನ್ನೇ ಆರಿಸಿದ್ದಕ್ಕೂ ಕಾರಣ ಇದೆ. ಏನನ್ನು ನೋಡಿದರೂ "ಇದು ಯಾಕೆ ಹೀಗಿದೆ" ಅಂತ ಕೇಳುವವಳು ನೀನು. ಈ ಕಾರಿಗೆ ಆರು ಚಕ್ರ! ಮುಂದೆ ನಾಲ್ಕು ಚಿಕ್ಕವು, ಹಿಂದೆ ಎರಡು ದೊಡ್ಡವು. ರೇಸ್ ಕಾರಿನ ಮುಂದಿನ ದೊಡ್ಡ ಚಕ್ರಗಳು ಗಾಳಿಗೆ ಎದೆಯೊಡ್ಡಿ ನಿಂತಿರುತ್ತವೆ, ವೇಗವನ್ನು ತಿನ್ನುತ್ತವೆ. ಅವನ್ನು ಚಿಕ್ಕದು ಮಾಡಿ ಮೂತಿಯ ಹಿಂದೆ ಅಡಗಿಸಿದರೆ ಹೇಗೆ ಅಂತ ಡೆರೆಕ್ ಗಾರ್ಡ್ನರ್ ಎಂಬ ಎಂಜಿನಿಯರ್ ಯೋಚಿಸಿದರು. ಆದರೆ ಚಿಕ್ಕ ಟೈರಿಗೆ ರಸ್ತೆಯ ಹಿಡಿತ ಸಾಲದು. ಹಾಗಾಗಿ ಎರಡರ ಬದಲು ನಾಲ್ಕು. 1976ರಲ್ಲಿ ಸ್ವೀಡನ್‌ನ ಆಂಡರ್ಸ್ಟಾರ್ಪ್‌ನಲ್ಲಿ ನಡೆದ ರೇಸನ್ನು ಜೋಡಿ ಶೆಕ್ಟರ್ ಎಂಬ ಡ್ರೈವರ್ ಇದರಲ್ಲೇ ಗೆದ್ದರು. ಪ್ಯಾಟ್ರಿಕ್ ಡಿಪೈಯೆ ಇಂಥದ್ದೇ ಕಾರಿನಲ್ಲಿ ಎರಡನೆಯವರಾಗಿ ಬಂದರು. ಆಮೇಲೆ ಬೇರೆ ಕಾರುಗಳ ದೊಡ್ಡ ಟೈರುಗಳು ಸುಧಾರಿಸುತ್ತಾ ಹೋದವು, ಈ ಚಿಕ್ಕವು ಹಿಂದೆ ಬಿದ್ದವು. 1977 ಮುಗಿಯುವಷ್ಟರಲ್ಲಿ ಈ ಕಾರಿನ ಕಥೆಯೂ ಮುಗಿಯಿತು. ಒಂದೇ ಒಂದು ರೇಸ್ ಗೆದ್ದ ಕಾರು. ಆದರೂ ನನಗೆ ಇದರಷ್ಟು ಇಷ್ಟವಾದ ರೇಸ್ ಕಾರು ಇನ್ನೊಂದಿಲ್ಲ.

ಈಗ ಕೆಲಸದ ವಿಷಯ. ಭಾಗಗಳನ್ನು ಅವು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಸುವಾಗ ಕಟರನ್ನು ಭಾಗಕ್ಕೆ ಒತ್ತಿ ಹಿಡಿಯಬೇಡ. ಮೊದಲು ಸ್ವಲ್ಪ ದೂರದಲ್ಲಿ ಕತ್ತರಿಸು, ಉಳಿದ ಮೊಳಕೆಯನ್ನು ಆಮೇಲೆ ತೆಗೆ. ಒಂದೇ ಸಲಕ್ಕೆ ಕತ್ತರಿಸಿದರೆ ಪ್ಲಾಸ್ಟಿಕ್ ಕಿತ್ತುಬಂದು ಬಿಳಿ ಗಾಯ ಉಳಿಯುತ್ತದೆ. ಆಮೇಲೆ 400, 600, 1000 ನಂಬರಿನ ಸ್ಯಾಂಡ್‌ಪೇಪರ್. ಇದೆಲ್ಲ ನಿನಗೆ ಒಂದು ಸಂಜೆಗೆ ರೂಢಿಯಾಗುತ್ತದೆ.

ನಿಧಾನ ಮಾಡಬೇಕಾದದ್ದು ಮುಂದಿನ ಚಕ್ರಗಳ ಹತ್ತಿರ. ನಿಜವಾದ ಕಾರಿನಲ್ಲಿ ಆ ಚಕ್ರಗಳ ರಿಮ್ 10 ಇಂಚು. ನಿನ್ನ ಕೈಯಲ್ಲಿ ಅದು 12.7 ಮಿ.ಮೀ., ಅಂಗಿಯ ಗುಂಡಿಯಷ್ಟು. ಅಂಥವು ನಾಲ್ಕು, ಒಂದೊಂದಕ್ಕೂ ಚಕ್ರವನ್ನು ಕಾರಿಗೆ ಹಿಡಿದಿಡುವ ಕಡ್ಡಿಯಂಥ ಸಸ್ಪೆನ್ಷನ್ ತೋಳುಗಳು. ಇಲ್ಲಿ ಸೂಪರ್ ಗ್ಲೂ ಬೇಡ, ಪ್ಲಾಸ್ಟಿಕ್ ಸಿಮೆಂಟ್ ಬಳಸು. ನೀರಿನಂತೆ ತೆಳ್ಳಗಿರುತ್ತದಲ್ಲ, ಅದೇ. ಎರಡು ಭಾಗ ಜೋಡಿಸಿ ಹಿಡಿದು ಬ್ರಷ್ ತುದಿ ಮುಟ್ಟಿಸಿದರೆ ಸಾಕು, ಸಂದಿಯೊಳಗೆ ತಾನೇ ಹರಿಯುತ್ತದೆ. ಅದು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಗಟ್ಟಿಯಾಗಲು ಹೊತ್ತು ಬೇಕು, ಆ ಹೊತ್ತೇ ನಿನಗೆ ಸಿಗುವ ಅವಕಾಶ. ತಕ್ಷಣ ಕಾರನ್ನು ಒಂದು ಗಾಜಿನ ಮೇಲೆ ಇಟ್ಟು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು ನೋಡು. ಆರೂ ಚಕ್ರ ಗಾಜನ್ನು ಮುಟ್ಟಬೇಕು. ಒಂದರ ಕೆಳಗೆ ಕೂದಲೆಳೆಯಷ್ಟು ಬೆಳಕು ಕಂಡರೂ ಆ ತೋಳನ್ನು ಬೆರಳಿನಿಂದ ಮೆಲ್ಲಗೆ ಒತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡು. ನಾಲ್ಕು ಚಕ್ರದ ಕಾರಿನಲ್ಲೇ ಇದು ಕಷ್ಟ, ಇದರಲ್ಲಿ ಆರು.

ಹಿಂದಿನ ಚಕ್ರಗಳು ಸರಿ ಕೂರುವುದು ಎಂಜಿನ್ ಮೇಲೆ ನಿಂತಿದೆ. ಇದರದ್ದು ಕಾಸ್ವರ್ತ್ ಡಿಎಫ್‌ವಿ, 3 ಲೀಟರಿನ, ಎಂಟು ಸಿಲಿಂಡರಿನ ವಿ8. 1967ರಲ್ಲಿ ಮೊದಲ ರೇಸಿನಲ್ಲೇ ಗೆದ್ದ ಎಂಜಿನ್ ಅದು. ಡ್ರೈವರ್ ಬೆನ್ನ ಹಿಂದೆ ಚಾಸಿ, ಅಂದರೆ ಕಾರಿನ ಮೂಲ ಚೌಕಟ್ಟು, ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಎಂಜಿನ್ನೇ ಕಾರಿನ ಬೆನ್ನೆಲುಬು. ಹಿಂದಿನ ಭಾರವೆಲ್ಲ ಅದರ ಮೇಲೇ. ಹಾಗಾಗಿ ಎಂಜಿನ್ ಒಂದಿಷ್ಟು ಸೊಟ್ಟಗೆ ಕೂತರೆ ಹಿಂದಿನ ಚಕ್ರಗಳೂ ಸೊಟ್ಟ. ಅಂಟು ಹಾಕುವ ಮೊದಲು ಎರಡು ಮೂರು ಸಲ ಸುಮ್ಮನೆ ಜೋಡಿಸಿ ನೋಡು.

ಕಾಕ್‌ಪಿಟ್ ಪಕ್ಕದಲ್ಲಿ ಪುಟ್ಟ ಕಿಟಕಿಗಳಿವೆ, ಗಮನಿಸು. ಚಿಕ್ಕ ಚಕ್ರಗಳು ಡ್ರೈವರ್‌ಗೆ ಮೇಲಿನಿಂದ ಕಾಣುತ್ತಿರಲಿಲ್ಲ. ಅವನ್ನು ನೋಡಲಿ ಅಂತಲೇ ಮಾಡಿದ ಕಿಟಕಿಗಳು. ಎಷ್ಟು ಚೆಂದದ ಯೋಚನೆ ಅಲ್ವಾ? ಅಲ್ಲಿನ ಪಾರದರ್ಶಕ ತುಂಡಿಗೆ ಸೂಪರ್ ಗ್ಲೂ ಹಾಕಿದರೆ ಅದರ ಹಬೆಗೇ ಮಂಜು ಕವಿದ ಹಾಗೆ ಬೆಳ್ಳಗಾಗುತ್ತದೆ. ಕಾಗದಕ್ಕೆ ಹಚ್ಚುವ ಬಿಳಿ ಗೋಂದು ಸಾಕು, ಒಣಗಿದರೆ ಕಾಣುವುದಿಲ್ಲ.

ಬಣ್ಣಕ್ಕೆ ಮೊದಲು ಬಾಡಿಯನ್ನು ಸೋಪು ನೀರಲ್ಲಿ ತೊಳೆ, ಬಣ್ಣ ಹಿಡಿಯಲು ಅಡಿಗೆ ಹಚ್ಚುವ ಪ್ರೈಮರ್ ಹಾಕು. ನೀಲಿಯನ್ನು ಒಂದೇ ಸಲಕ್ಕೆ ಮುಚ್ಚಲು ಹೋಗಬೇಡ. ಮೊದಲ ಪದರ ಸುಮ್ನೆ ಧೂಳು ಕೂತಂತೆ ಇರಲಿ, ಮೂರನೆಯದರಲ್ಲಿ ಹೊಳಪು ತಾನೇ ಬರುತ್ತದೆ. ಗಾಳಿಯಲ್ಲಿ ತೇವ ಜಾಸ್ತಿ ಇರುವ ದಿನ ಸ್ಪ್ರೇ ಮಾಡಬೇಡ, ಬಣ್ಣದ ಮೇಲೆ ಬಿಳಿ ಪೊರೆ ಏಳುತ್ತದೆ. ಕಿಟಕಿ ತೆರೆದಿರು, ಮಾಸ್ಕ್ ಹಾಕಿಕೋ. ಇದರಲ್ಲಿ ಮಾತ್ರ ನಾನು ಅಮ್ಮನೇ, ರಾಜಿ ಇಲ್ಲ. ಇನ್ನೊಂದು ಮಾತು, ಲ್ಯಾಕರ್ ಬಣ್ಣದ ಮೇಲೆ ಎನಾಮಲ್ ಬಣ್ಣ ಹಚ್ಚಬಹುದು, ಎನಾಮಲ್ ಮೇಲೆ ಲ್ಯಾಕರ್ ಹಚ್ಚಬಾರದು. ಕೆಳಗಿನ ಬಣ್ಣ ಸುಕ್ಕುಗಟ್ಟಿ ಏಳುತ್ತದೆ.

ಇನ್ನು ಡೀಕಲ್. ಇಲ್ಲಿ ನನ್ನ ಕೈ ಸ್ವಲ್ಪ ನಡುಗುತ್ತಿದೆ. ಬಣ್ಣ ಪೂರ್ತಿ ಒಣಗಿ ನುಣುಪಾಗಿ ಹೊಳೆಯುತ್ತಿರಬೇಕು. ಮೇಲ್ಮೈ ಒರಟಾಗಿದ್ದರೆ ಡೀಕಲ್ ಕೆಳಗೆ ಗಾಳಿ ಸಿಕ್ಕಿಕೊಂಡು ಬೆಳ್ಳಿಯ ಹಾಗೆ ಮಿನುಗುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅರ್ಧ ನಿಮಿಷ ಇಟ್ಟು ಹೊರಗೆ ತೆಗೆ, ಇನ್ನೊಂದು ನಿಮಿಷ ಹಾಗೇ ಬಿಡು. ಕಾಗದದ ಮೇಲೆ ತಾನಾಗಿ ಜಾರತೊಡಗುವವರೆಗೆ ಮುಟ್ಟಬೇಡ. ಕೂರಿಸಬೇಕಾದ ಜಾಗಕ್ಕೆ ಮೊದಲೇ ಒಂದು ಹನಿ ನೀರು ಹಚ್ಚಿರು. ಡೀಕಲನ್ನು ಎತ್ತಿ ಇಡಬೇಡ, ಕಾಗದದಿಂದ ನೇರ ಬಾಡಿಯ ಮೇಲೆ ಜಾರಿಸು. ನೀರಿರುವವರೆಗೆ ಒದ್ದೆ ಬ್ರಷ್‌ನಿಂದ ಎಷ್ಟು ಸಲ ಬೇಕಾದರೂ ಸರಿಸಬಹುದು. ಸುತ್ತಿಕೊಂಡರೆ ಗಾಬರಿ ಬೇಡ. ಮತ್ತೆ ನೀರಿಗೆ ಹಾಕು, ಎಷ್ಟೋ ಸಲ ಅದು ತಾನೇ ಬಿಚ್ಚಿಕೊಳ್ಳುತ್ತದೆ. ಅವತ್ತು ನಿನ್ನ ಬೆರಳಿಗೆ ಸುತ್ತಿದ್ದಕ್ಕೂ ಇಷ್ಟೇ ಬೇಕಿತ್ತು, ಒಂದು ಬಟ್ಟಲು ನೀರು. ನನಗೆ ಗೊತ್ತಿತ್ತು. ಕಾಯಲಿಲ್ಲ.

ಉಬ್ಬು ತಗ್ಗಿನ ಮೇಲೆ ಕೂರದಿದ್ದರೆ ಡೀಕಲ್ ಸಾಫ್ಟ್‌ನರ್ ಹಚ್ಚು. ಮೊದಲು ಸುಕ್ಕಾಗಿ ಎಲ್ಲ ಹಾಳಾಯಿತು ಅನ್ನಿಸುತ್ತದೆ. ಮುಟ್ಟಬೇಡ, ಎದ್ದು ಹೋಗು. ಬಂದು ನೋಡುವಷ್ಟರಲ್ಲಿ ಬಣ್ಣ ಬಳಿದಂತೆ ಅಂಟಿಕೊಂಡಿರುತ್ತದೆ. ಮರುದಿನ ಅದರ ಮೇಲೆ ಕ್ಲಿಯರ್, ಅಂದರೆ ಬಣ್ಣವಿಲ್ಲದ ಲೇಪ, ಹಾಕು. ಮೊದಲ ಪದರ ತೀರಾ ತೆಳುವಾಗಿರಲಿ.

ನಂಬರ್ ಮಾತ್ರ ನೀನೇ ನಿರ್ಧರಿಸು. ಆ ವರ್ಷ ಶೆಕ್ಟರ್‌ದು 3, ಡಿಪೈಯೆಯದು 4. ಯಾವುದು ನನಗಿಷ್ಟ ಅಂತ ಹೇಳುವುದಿಲ್ಲ.

ಕೊನೆಗೆ ಎಂಜಿನ್ನಿನ ತಂತಿಗಳು. ಕಿಟ್‌ನಲ್ಲಿ ಇಲ್ಲದ್ದನ್ನು ನೀನಾಗಿ ಸೇರಿಸುವ ಕೆಲಸ ಇದು, ನನಗೆ ತುಂಬ ಖುಷಿ ಕೊಟ್ಟಿದ್ದೂ ಇದೇ. ಎರಡು ಸಾಲು, ಸಾಲಿಗೆ ನಾಲ್ಕು ಸಿಲಿಂಡರ್, ಒಂದೊಂದಕ್ಕೂ ಒಂದು ಸ್ಪಾರ್ಕ್ ಪ್ಲಗ್, ಪ್ಲಗ್ಗಿಗೊಂದು ತಂತಿ. 0.4 ಮಿ.ಮೀ. ತಂತಿ ಈ ಅಳತೆಗೆ ಸರಿಹೋಗುತ್ತದೆ. ಕೈ ಡ್ರಿಲ್‌ನಲ್ಲಿ ತೂತು ಮಾಡುವಾಗ ಮೊದಲು ಸೂಜಿಯಿಂದ ಒಂದು ಚುಕ್ಕೆ ಒತ್ತಿಕೋ, ಇಲ್ಲದಿದ್ದರೆ ಡ್ರಿಲ್ ಜಾರುತ್ತದೆ. ತಂತಿಯ ಸುರುಳಿ ಡಬ್ಬಿಯ ಪಕ್ಕದಲ್ಲೇ ಇದೆ. ಎಂಟು ತುಂಡು ಕತ್ತರಿಸಿ ಇಟ್ಟುಬಿಡೋಣ ಅಂತ ನಿನ್ನೆ ರಾತ್ರಿ ಕಟರ್ ಕೈಗೆ ತಗೊಂಡಿದ್ದೆ. ಮತ್ತೆ ಅಲ್ಲೇ ಇಟ್ಟೆ. ಸುರುಳಿ ಹಾಗೇ ಇದೆ.

ನಿನ್ನ
ಅಮ್ಮ