ಗ್ರಾಂ ಲೆಕ್ಕದಲ್ಲಿ ನೇಣು ಬೇಡ

ಸಂಪಾದಕರಿಗೆ ನಮಸ್ಕಾರ.

ಡ್ರಗ್ಸ್ ಸಾಗಿಸುವವರನ್ನು ಸಿಂಗಪುರದ ಹಾಗೆ ಗಲ್ಲಿಗೇರಿಸಬೇಕು, ಅದು ಆಯಾ ದೇಶದ ಸಾರ್ವಭೌಮ ಹಕ್ಕು, ಹೊರಗಿನವರು ಬಾಯಿ ಹಾಕಬಾರದು ಅಂತ ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಎರಡು ಸಲ ಓದಿದೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಾಟನ್‌ಪೇಟೆಯಲ್ಲಿ ನನ್ನದೊಂದು ಚಿಕ್ಕ ಜೆರಾಕ್ಸ್, ಸ್ಟೇಷನರಿ ಅಂಗಡಿ ಇದೆ. ಹನ್ನೆರಡು, ಹದಿಮೂರು ವರ್ಷದ ಹುಡುಗರು ವೈಟ್‌ನರ್ ಕೇಳಿಕೊಂಡು ಬರುತ್ತಾರೆ, ಬರೆಯುವುದಕ್ಕಲ್ಲ, ಬಟ್ಟೆಗೆ ಹಾಕಿ ಮೂಸುವುದಕ್ಕೆ. ಅವರಿಗೆ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು. ಈ ಮಕ್ಕಳ ಕೈಗೆ ನಾಳೆ ಇನ್ನೂ ದೊಡ್ಡ ವಿಷ ಇಡುವವನ ಮೇಲೆ ನನಗೂ ಕರುಣೆ ಇಲ್ಲ.

ಆದರೂ ಆ ಪತ್ರವನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಸಾರ್ವಭೌಮತ್ವದ ಮಾತು. ಅದನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಬ್ರಿಟಿಷರು ನಮ್ಮ ಬಿಹಾರದ ರೈತರಿಂದಲೇ ಗಸಗಸೆ ಬೆಳೆಸಿ ಆ ಅಫೀಮನ್ನು ಚೀನಾದಲ್ಲಿ ಸುರಿದರು. 1839ರಲ್ಲಿ ಲಿನ್ ಝೆಶು ಎಂಬ ಅಧಿಕಾರಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ಹ್ಯೂಮೆನ್ ಎಂಬಲ್ಲಿ ನಾಶ ಮಾಡಿಸಿದರು. ಅದಕ್ಕೆ ಬ್ರಿಟನ್ ಯುದ್ಧನೌಕೆ ಕಳಿಸಿತು, 1842ರಲ್ಲಿ ಹಾಂಗ್‌ಕಾಂಗನ್ನೇ ಬರೆಸಿಕೊಂಡಿತು. ಇಂಥ ಚರಿತ್ರೆ ಇರುವಾಗ ಲಂಡನ್ನಿನಿಂದ ಯಾರೋ ಬಂದು ಡ್ರಗ್ಸ್ ಕಾನೂನಿನ ಬಗ್ಗೆ ಬುದ್ಧಿ ಹೇಳಿದರೆ ಏಷ್ಯಾದ ದೇಶಗಳಿಗೆ ಮೈ ಉರಿಯುತ್ತದೆ. ಉರಿಯಲೇಬೇಕು. 2022ರಲ್ಲಿ ಬ್ರಿಟನ್ನಿನ ಉದ್ಯಮಿ ರಿಚರ್ಡ್ ಬ್ರಾನ್‌ಸನ್ ಸಿಂಗಪುರದ ನೇಣು ಶಿಕ್ಷೆಯ ಬಗ್ಗೆ ಟೀಕೆ ಮಾಡಿದಾಗ ಅಲ್ಲಿನ ಸರ್ಕಾರ ಅವರನ್ನು ಗೃಹ ಸಚಿವ ಷಣ್ಮುಗಂ ಎದುರು ಟಿವಿ ಚರ್ಚೆಗೇ ಕರೆದಿತ್ತು. ಮರಣದಂಡನೆಗೆ ತಡೆ ಕೇಳುವ ನಿರ್ಣಯ ವಿಶ್ವಸಂಸ್ಥೆಯಲ್ಲಿ ಬಂದಾಗ ನಮ್ಮ ದೇಶವೂ ಕಾನೂನು ಮಾಡುವುದು ನಮ್ಮ ಹಕ್ಕು ಅಂತಲೇ ವಿರುದ್ಧ ಮತ ಹಾಕುತ್ತಾ ಬಂದಿದೆ.

ಸರಿ, ಕಾನೂನು ಮಾಡುವ ಹಕ್ಕು ಇದೆ. ಮಾಡಿದ ಕಾನೂನು ಸರಿಯಾ ಅನ್ನುವುದು ಬೇರೆ ಪ್ರಶ್ನೆ ಅಲ್ವಾ? ಮನೆ ನನ್ನದು ಅಂದ ಮಾತ್ರಕ್ಕೆ ಮನೆಯೊಳಗೆ ನಾನು ಮಾಡಿದ್ದೆಲ್ಲ ನ್ಯಾಯ ಆಗುವುದಿಲ್ಲ.

ಇನ್ನೊಂದು ಮಾತು. 2014ರ ಅಕ್ಟೋಬರಿನಲ್ಲಿ ಕೊಲಂಬೊದ ಹೈಕೋರ್ಟು ತಮಿಳುನಾಡಿನ ಐವರು ಮೀನುಗಾರರಿಗೆ ಮರಣದಂಡನೆ ವಿಧಿಸಿತು. ಹೆರಾಯಿನ್ ಸಾಗಿಸಿದ್ದಾರೆ ಅನ್ನುವುದು ಕೇಸು. ರಾಮೇಶ್ವರಂ ಹೊತ್ತಿ ಉರಿಯಿತು. ನಮ್ಮ ಸರ್ಕಾರ ಸುಮ್ಮನೆ ಕೂರಲಿಲ್ಲ, ಪ್ರಧಾನಿಯೇ ಶ್ರೀಲಂಕಾದ ಅಧ್ಯಕ್ಷರ ಜೊತೆ ಮಾತನಾಡಿದರು. ನವೆಂಬರಿನಲ್ಲಿ ಅಧ್ಯಕ್ಷ ರಾಜಪಕ್ಸ ಕ್ಷಮಾದಾನ ಕೊಟ್ಟರು, ಐವರೂ ಊರಿಗೆ ಬಂದರು. 2016ರ ಜುಲೈನಲ್ಲಿ ಇಂಡೋನೇಷ್ಯಾದಲ್ಲಿ ಪಂಜಾಬಿನ ಒಬ್ಬರನ್ನು ಡ್ರಗ್ಸ್ ಕೇಸಿನಲ್ಲಿ ಗುಂಡಿಟ್ಟು ಕೊಲ್ಲಬೇಕಿದ್ದ ರಾತ್ರಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರ ಇಲಾಖೆ ಕೊನೆ ಗಳಿಗೆಯವರೆಗೂ ಓಡಾಡಿತು. ಅವರೂ ಆ ರಾತ್ರಿ ಉಳಿದರು. ಶ್ರೀಲಂಕಾದ, ಇಂಡೋನೇಷ್ಯಾದ ಸಾರ್ವಭೌಮತ್ವಕ್ಕೆ ಧಕ್ಕೆಯಾಯಿತು ಅಂತ ಆಗ ನಮ್ಮಲ್ಲಿ ಒಬ್ಬರಾದರೂ ಬರೆದರಾ? ನಮ್ಮವರು ಸಿಕ್ಕಿಬಿದ್ದಾಗ ಕೈಮುಗಿದು ಕೇಳುವುದು, ಬೇರೆಯವರು ಕೇಳಿದಾಗ ಹೊರಗಿನವರು ಅನ್ನುವುದು, ಇದು ನನಗೆ ಸರಿ ಕಾಣುವುದಿಲ್ಲ. ಕ್ಷಮಿಸುವುದೂ ಸಾರ್ವಭೌಮ ಅಧಿಕಾರವೇ ತಾನೆ.

ಈಗ ನನ್ನ ಅನುಭವಕ್ಕೆ ಬರುತ್ತೇನೆ. ಈ ಪತ್ರ ಬರೆಯಲು ಅದೇ ಕಾರಣ.

ಆರು ವರ್ಷದ ಹಿಂದೆ ಒಂದು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದೆ. ಇಬ್ಬರು ಪೊಲೀಸರು ಬಂದು, ಒಂದು ಮಹಜರಿಗೆ ಪಂಚರು ಬೇಕು, ಹತ್ತು ನಿಮಿಷ ಬನ್ನಿ ಸಾರ್ ಅಂದರು. ಸಿಕ್ಕ ಮಾಲನ್ನು ಕಣ್ಣಾರೆ ನೋಡಿ ದಾಖಲೆಗೆ ಸಹಿ ಹಾಕುವ ಸಾಕ್ಷಿಯಾಗಿ ಹೋದೆ. ರಾತ್ರಿ ಬಸ್ಸಿನಿಂದ ಇಳಿದ ಒಬ್ಬ ಹುಡುಗ, ಇಪ್ಪತ್ತು ದಾಟಿರಲಿಲ್ಲ ಅನ್ನಿಸುತ್ತದೆ, ಎರಡು ಬ್ಯಾಗು, ಒಳಗೆ ಕಂದು ಬಣ್ಣದ ಟೇಪು ಸುತ್ತಿದ ಗಾಂಜಾ ಪೊಟ್ಟಣಗಳು. ಬ್ಯಾಗು ತಲುಪಿಸಿದರೆ 5 ಸಾವಿರ ಕೊಡುತ್ತೇವೆ ಅಂದಿದ್ದರಂತೆ. ಕೊಟ್ಟವರ ನಂಬರು ಆಗಲೇ ಸ್ವಿಚ್ ಆಫ್. ಪಕ್ಕದ ದಿನಸಿ ಅಂಗಡಿಯಿಂದ ತಕ್ಕಡಿ ತಂದು ತೂಗಿದರು. 20 ಕೆಜಿ 300 ಗ್ರಾಂ. ಟೇಪು, ಪ್ಲಾಸ್ಟಿಕ್ಕು ಎಲ್ಲ ಸೇರಿ. ಬಿಚ್ಚಿ ತೂಗಲಿಲ್ಲ. ಅರಗು ಹಾಕಿ ಸೀಲ್ ಮಾಡಿದರು, ನಾನು ಸಹಿ ಮಾಡಿದೆ. ಹಾಳೆಯಲ್ಲಿ ಏನು ಬರೆದಿದೆ ಅಂತ ಓದಲಿಲ್ಲ. ಅಂಗಡಿ ತೆಗೆಯುವ ಆತುರ.

ಆ 20 ಕೆಜಿ ಅನ್ನುವ ಅಂಕಿಯ ಬೆಲೆ ನನಗೆ ಗೊತ್ತಾಗಿದ್ದು ಆಮೇಲೆ. ನಮ್ಮ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯಲ್ಲಿ ಗಾಂಜಾ 20 ಕೆಜಿ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಶಿಕ್ಷೆ ಕನಿಷ್ಠ 10 ವರ್ಷ, 20 ವರ್ಷದವರೆಗೂ ಹೋಗಬಹುದು, ಜಾಮೀನು ಸಿಗುವುದು ಬಹಳ ಕಷ್ಟ. 20ರ ಒಳಗಿದ್ದರೆ ಕನಿಷ್ಠ ಶಿಕ್ಷೆ ಅಂತ ಇಲ್ಲ. ಅಂದರೆ ಆ ಟೇಪು, ಪ್ಲಾಸ್ಟಿಕ್ಕಿನ ತೂಕ ಹುಡುಗನ ಹಣೆಬರಹ ಬರೆಯುತ್ತಿತ್ತು, ಪಕ್ಕದಲ್ಲೇ ನಿಂತ ನನಗೆ ಅದರ ಅರಿವೇ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಕೋರ್ಟಿಗೆ ಕರೆ ಬಂತು. ಪಾಟಿ ಸವಾಲಿನಲ್ಲಿ ವಕೀಲರು ಕೇಳಿದ್ದು ಎರಡೇ ಪ್ರಶ್ನೆ, ಪೊಟ್ಟಣ ಬಿಚ್ಚಿ ತೂಗಿದರಾ, ಓದಿ ಸಹಿ ಹಾಕಿದಿರಾ. ಎರಡಕ್ಕೂ ಇಲ್ಲ ಅಂದೆ. ಕಡಿಮೆ ಪ್ರಮಾಣದ ಕೇಸು ಅಂತ ತೀರ್ಮಾನವಾಗಿ, ಅಷ್ಟರಲ್ಲಿ ಅವನು ಪರಪ್ಪನ ಅಗ್ರಹಾರದಲ್ಲಿ ಕಳೆದಿದ್ದ ಕಾಲವೇ ಶಿಕ್ಷೆಯಾಯಿತು. ಅವನು ಹೊರಗೆ ಬಂದ. ಕಳಿಸಿದವರು ಯಾರೂ ಸಿಕ್ಕಲಿಲ್ಲ.

ಸಿಂಗಪುರದಲ್ಲಿ ಗಾಂಜಾ 500 ಗ್ರಾಂ ದಾಟಿದರೆ ನೇಣು. ಹೆರಾಯಿನ್ ಆದರೆ 15 ಗ್ರಾಂ. 2 ಗ್ರಾಂಗಿಂತ ಜಾಸ್ತಿ ಹೆರಾಯಿನ್ ಸಿಕ್ಕರೆ ಅದು ಮಾರಾಟಕ್ಕೇ ಅಂತ ಕಾನೂನು ಅಂದುಕೊಳ್ಳುತ್ತದೆ, ಅಲ್ಲ ಅಂತ ಸಾಬೀತು ಮಾಡುವುದು ಆರೋಪಿಯ ಕೆಲಸ. ಮಲೇಷ್ಯಾದ ತಮಿಳು ಮೂಲದ ನಾಗೇಂದ್ರನ್ ಧರ್ಮಲಿಂಗಂ ಅವರನ್ನು 2022ರ ಏಪ್ರಿಲ್ 27ರಂದು ಗಲ್ಲಿಗೇರಿಸಿದರು. ತೊಡೆಗೆ ಕಟ್ಟಿಕೊಂಡು ಹೋಗಿದ್ದು 42.72 ಗ್ರಾಂ ಹೆರಾಯಿನ್. ಅವರ ಐಕ್ಯೂ (ಬುದ್ಧಿಮಟ್ಟದ ಅಳತೆ) ಬರೀ 69 ಅಂತ ಪರೀಕ್ಷೆಯಲ್ಲಿ ಬಂದಿತ್ತು. ಮಲೇಷ್ಯಾದ ಪ್ರಧಾನಿ ಪತ್ರ ಬರೆದರೂ ಉಳಿಯಲಿಲ್ಲ. 2012ರಲ್ಲಿ ಅಲ್ಲಿನ ಕಾನೂನು ಸ್ವಲ್ಪ ಸಡಿಲವಾಗಿದ್ದು ನಿಜ. ಬರೀ ಸಾಗಿಸಿದವನು ತನಿಖೆಗೆ ಗಟ್ಟಿ ಮಾಹಿತಿ ಕೊಟ್ಟರೆ ಜೀವ ಉಳಿಯಬಹುದು. ಆದರೆ ಬ್ಯಾಗು ಹೊರುವವನಿಗೆ ಏನು ಗೊತ್ತಿರುತ್ತದೆ? ನಾನು ಕಂಡ ಆ ಹುಡುಗನ ಹತ್ತಿರ ಕೊಡುವುದಕ್ಕೆ ಇದ್ದಿದ್ದು ಒಂದು ಸ್ವಿಚ್ ಆಫ್ ಆದ ನಂಬರು. ಕಳಿಸಿದವರ ಹೆಸರು ಗೊತ್ತಿರುವವನು ಉಳಿಯಬಹುದು, ಏನೂ ಗೊತ್ತಿಲ್ಲದವನು ಸಾಯುತ್ತಾನೆ.

ಪತ್ರ ಬರೆದವರಿಗೆ ಗೊತ್ತಿರಲಿ, ನಮ್ಮಲ್ಲೂ ಈ ಕಾನೂನು ಬಂದಿತ್ತು. 1989ರಲ್ಲಿ ಎನ್‌ಡಿಪಿಎಸ್ ಕಾಯ್ದೆಗೆ 31ಎ ಎಂಬ ಕಲಂ ಸೇರಿಸಿ, ದೊಡ್ಡ ಪ್ರಮಾಣದ ಕೇಸಿನಲ್ಲಿ ಎರಡನೇ ಸಲ ಅಪರಾಧಿಯಾದವನಿಗೆ ಮರಣದಂಡನೆ ಕಡ್ಡಾಯ ಮಾಡಿದರು. 2011ರಲ್ಲಿ ಬಾಂಬೆ ಹೈಕೋರ್ಟು, ಕಡ್ಡಾಯ ಅನ್ನುವುದು ಸಂವಿಧಾನಕ್ಕೆ ಒಪ್ಪುವುದಿಲ್ಲ, ಜಡ್ಜು ಯೋಚಿಸುವುದಕ್ಕೆ ಜಾಗ ಬೇಕು ಅಂದಿತು. 2014ರಲ್ಲಿ ಸಂಸತ್ತೇ ತಿದ್ದಿ, ಕಡ್ಡಾಯ ತೆಗೆದು ಮರಣದಂಡನೆಯನ್ನು ಜಡ್ಜಿನ ವಿವೇಚನೆಗೆ ಬಿಟ್ಟಿತು. ಮಲೇಷ್ಯಾವೂ 2023ರಲ್ಲಿ ಕಡ್ಡಾಯ ಮರಣದಂಡನೆ ತೆಗೆಯಿತು. ಯಾವ ಹೊರದೇಶವೂ ಬಂದೂಕು ಹಿಡಿದು ಮಾಡಿಸಲಿಲ್ಲ. ತಮ್ಮ ಕಾನೂನನ್ನು ತಾವೇ ನೋಡಿ ತಿದ್ದಿಕೊಂಡ ದೇಶಗಳು ಇವು. ನನ್ನ ಕೇಳಿದರೆ ಉಳಿದಿರುವ 31ಎ ಕೂಡ ಹೋಗಬೇಕು.

ಕಠಿಣ ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಹಣ ಹಾಕಿದವನನ್ನು, ದುಡ್ಡು ಎಣಿಸುವವನನ್ನು ಹಿಡಿಯಿರಿ, ಇಪ್ಪತ್ತು ವರ್ಷ ಒಳಗಿಡಿ. ಬಳಸುವ ಹುಡುಗರನ್ನು ನಿಮ್ಹಾನ್ಸ್‌ನಂಥ ಕಡೆ ಚಿಕಿತ್ಸೆಗೆ ಸೇರಿಸಿ. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಅಪರಾಧ ಪ್ರಕ್ರಿಯೆ ಕಾನೂನಿನಲ್ಲಿ ಶೋಧ, ಜಪ್ತಿಯ ವಿಡಿಯೋ ಮಾಡಲೇಬೇಕು. ಅದು ಪ್ರತಿ ಮಹಜರಿನಲ್ಲೂ ನಡೆಯಲಿ, ತೂಗುವುದು ವಿಡಿಯೋದಲ್ಲಿ ಕಾಣಲಿ, ತಕ್ಕಡಿ ಠಾಣೆಯದ್ದೇ ಇರಲಿ. ನನ್ನ ಅಂಗಡಿ ಇನ್ನೂ ಅದೇ ಜಾಗದಲ್ಲಿದೆ, ಪಂಚನಾಗಿ ಮತ್ತೆ ಕರೆದರೆ ಹೋಗುತ್ತೇನೆ. ಟೇಪು ಬಿಚ್ಚಿ ತೂಗಿ ಅನ್ನುತ್ತೇನೆ, ಪೂರ್ತಿ ಓದಿಯೇ ಸಹಿ ಹಾಕುತ್ತೇನೆ.

ಇಂತಿ,
ನಿಮ್ಮ ಹಳೆಯ ಓದುಗ
ಕಾಟನ್‌ಪೇಟೆ, ಬೆಂಗಳೂರು